ರಾಂಡಾಲ್ಫ್ ಸ್ಕಾಟ್ ಸುತ್ತಿದ ಬಂಡೆಗಳು

ಮೊದಲ ದಿನ: ಅರ್ವೈನ್‌ನಿಂದ ಲೋನ್ ಪೈನ್

ಮಗಳ ಮನೆ ಲಾಸ್ ಏಂಜಲಿಸ್ ಪಕ್ಕದ ಅರ್ವೈನ್‌ನಲ್ಲಿದೆ. "ಅಪ್ಪ, ಈ ಸಲ ಎಲ್ಲಿಗೆ ಹೋಗೋಣ? ಗ್ರ್ಯಾಂಡ್ ಕ್ಯಾನ್ಯನ್? ವೇಗಸ್?" ಎಂದು ಕೇಳಿದಳು. ಲೋನ್ ಪೈನ್ ಎಂದೆ. ಅವಳು ಫೋನು ತೆಗೆದು ನೋಡಿದಳು. "ಎರಡು ಸಾವಿರ ಜನ ಇರೋ ಊರು. ಅಲ್ಲೇನಿದೆ?"

"ಬಂಡೆ ಇವೆ."

"ಬಂಡೆ ನೋಡೋಕೆ ರಾಮನಗರ ಇರ್ಲಿಲ್ವಾ? ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

ಅವಳು ತಮಾಷೆಗೆ ಹೇಳಿದ್ದು. ಆದರೆ ಮಾತು ಸರಿಯಾದ ಜಾಗಕ್ಕೇ ಬಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದ. ಮದುವೆ ಆಗಿರಲಿಲ್ಲ, ಸಂಬಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ನನ್ನನ್ನು ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಬಸವನಗುಡಿಯಿಂದ ಎಂ.ಜಿ. ರೋಡಿಗೆ ತುಳಿಯುತ್ತಿದ್ದ. ಪ್ಲಾಜಾದಲ್ಲಿ ಬೆಳಗಿನ ಆಟ. ಹಳೆಯ ಕೌಬಾಯ್ ಚಿತ್ರ ಬಂದರೆ ಅವನಿಗೆ ಹಬ್ಬ. ನಮ್ಮಿಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದರಲ್ಲೂ ಆ ಮೂಗಿನೊಳಗಿನ ಅಮೆರಿಕನ್ ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ನಟರಿಗೆಲ್ಲ ಮಾವನೇ ಹೆಸರಿಡುತ್ತಿದ್ದ. ರಾಂಡಾಲ್ಫ್ ಸ್ಕಾಟ್ ಅವನ ಲೆಕ್ಕದಲ್ಲಿ 'ಉದ್ದಮುಖದವನು'. "ಬೇರೆಯವರು ಕುಣೀತಾರೆ, ಹಾರ್ತಾರೆ. ಇವನು ನಿಂತ್ಕೊಳ್ಳೋದು ನೋಡು" ಎನ್ನುತ್ತಿದ್ದ. ನನಗೆ ಆಗ ಎಂಟೊಂಬತ್ತು ವರ್ಷ. ನಿಂತುಕೊಳ್ಳುವುದರಲ್ಲಿ ನೋಡುವುದೇನಿದೆ ಅಂತ ಅರ್ಥವಾಗಿರಲಿಲ್ಲ. ಹೊರಗೆ ಬಂದಾಗ ಸಿಗುವ ಕಡಲೆಕಾಯಿ ಮೇಲೆ ನನ್ನ ಗಮನ.

ಅಕ್ಟೋಬರ್ ಕೊನೆಯ ವಾರ. ಬೆಳಗ್ಗೆ ಏಳಕ್ಕೆ ಹೊರಟೆವು. ಅಳಿಯ ಡ್ರೈವರ್, ಮಗಳು ಅವನ ಪಕ್ಕ, ಹಿಂದೆ ನಾನು, ನನ್ನ ಹೆಂಡತಿ, ನಮ್ಮಿಬ್ಬರ ನಡುವೆ ಚಿತ್ರಾನ್ನದ ಡಬ್ಬ. ಹೆಂಡತಿ ಈ ಪ್ರಯಾಣಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹಿಮ ತೋರಿಸಬೇಕು. ಮೂರನೇ ದಿನ ಮ್ಯಾಮತ್ ಲೇಕ್ಸ್‌ಗೆ ಹೋಗುತ್ತೇವೆ, ಎಂಟು ಸಾವಿರ ಅಡಿ ಹತ್ತಿರದ ಊರು, ಹಿಮ ಇದ್ದೇ ಇರುತ್ತದೆ ಎಂದು ಮಾತು ಕೊಟ್ಟಿದ್ದೆ.

ಲಾಸ್ ಏಂಜಲಿಸ್ ದಾಟಿ ಹದಿನಾಲ್ಕನೇ ನಂಬರಿನ ಹೆದ್ದಾರಿ ಹಿಡಿದ ಮೇಲೆ ಊರು ಕರಗಿ ಮರಳುಗಾಡು ಶುರುವಾಗುತ್ತದೆ. ಅಳಿಯ ಕೇಳಿದ, "ಯಾರು ಮಾವ ಈ ಸ್ಕಾಟ್? ಜಾನ್ ವೇಯ್ನ್ ಗೊತ್ತು. ಕ್ಲಿಂಟ್ ಈಸ್ಟ್‌ವುಡ್ ಗೊತ್ತು. ಈ ಹೆಸರೇ ಕೇಳಿಲ್ಲ."

ದಾರಿ ಉದ್ದ ಇತ್ತು. ಹೇಳುತ್ತಾ ಹೋದೆ.

ಹುಟ್ಟಿದ್ದು 1898ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದದ್ದು ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಫಿರಂಗಿ ಪಡೆಯಲ್ಲಿದ್ದ. ವಾಪಸು ಬಂದು ಕಾಲೇಜಿಗೆ ಸೇರಿ, ಬಿಟ್ಟು, ಅಪ್ಪನ ಜತೆ ಲೆಕ್ಕಪತ್ರದ ಕೆಲಸ. ಮೂವತ್ತರ ಹೊಸ್ತಿಲಲ್ಲಿ ಹಾಲಿವುಡ್‌ಗೆ ಹೊರಟ. ಜೇಬಿನಲ್ಲಿ ಚಿತ್ರ ನಿರ್ಮಾಪಕ ಹೊವರ್ಡ್ ಹ್ಯೂಸ್‌ಗೆ ಅಪ್ಪ ಬರೆದುಕೊಟ್ಟ ಪರಿಚಯ ಪತ್ರ. ನಮ್ಮಲ್ಲಿ ಇನ್‌ಫ್ಲುಯೆನ್ಸ್ ಅಂತೀವಲ್ಲ, ಅದೇ. ಸಿಕ್ಕಿದ್ದು ಮಾತ್ರ ಗುಂಪಿನಲ್ಲಿ ಗೋವಿಂದ ಎನ್ನುವಂಥ ಪಾತ್ರಗಳು. 1929ರಲ್ಲಿ ಗ್ಯಾರಿ ಕೂಪರ್‌ಗೆ ವರ್ಜೀನಿಯಾದವನ ಪಾತ್ರ ಬಂದಾಗ, ಆ ಸೀಮೆಯ ಮಾತಿನ ಧಾಟಿ ಹೇಳಿಕೊಟ್ಟವನು ಸ್ಕಾಟ್ ಎನ್ನುತ್ತಾರೆ. ಆ ಚಿತ್ರದಲ್ಲಿ ಅವನಿಗೂ ಒಂದು ಚೂರು ಪಾತ್ರವಿತ್ತು. ಹೇಳಿಕೊಟ್ಟವನು ಹಿಂದೆ, ಕಲಿತವನು ಮುಂದೆ.

ನಾಟಕದಲ್ಲಿ ಪಳಗು ಎಂದು ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಹೇಳಿದ್ದಕ್ಕೆ ಪಾಸಡೀನಾದ ರಂಗಮಂದಿರ ಸೇರಿದ. ಅಲ್ಲಿಂದ ಪ್ಯಾರಾಮೌಂಟ್ ಕಂಪನಿ. 1932ರಿಂದ, ಕೌಬಾಯ್ ಕತೆ ಬರೆಯುತ್ತಿದ್ದ ಝೇನ್ ಗ್ರೇಯ ಕಾದಂಬರಿಗಳ ಚಿತ್ರಗಳು. ಇಲ್ಲಿನ ಒಂದು ಸಂಗತಿ ನನಗೆ ಬಹಳ ಇಷ್ಟ. ಆ ಕಾದಂಬರಿಗಳನ್ನು ಪ್ಯಾರಾಮೌಂಟ್ ಮೂಕಿ ಕಾಲದಲ್ಲೇ ಒಂದು ಸಲ ಚಿತ್ರ ಮಾಡಿತ್ತು, ಜಾಕ್ ಹೋಲ್ಟ್ ಎಂಬ ನಟನನ್ನು ಹಾಕಿಕೊಂಡು. ದುಡ್ಡು ಉಳಿಸಲು ಹಳೆಯ ಚಿತ್ರದ ದೂರದ ಶಾಟುಗಳನ್ನು ಹೊಸದಕ್ಕೆ ಅಂಟಿಸಿದರು. ಅವು ಹೊಂದಬೇಕಲ್ಲ, ಅದಕ್ಕೆ ಸ್ಕಾಟ್‌ನ ಕೂದಲಿಗೆ ಕಪ್ಪು ಬಳಿದು ಮೀಸೆ ಅಂಟಿಸಿ ಹೋಲ್ಟ್‌ನ ಹಾಗೆ ಕಾಣುವಂತೆ ಮಾಡಿದರು. ಹತ್ತಿರದಿಂದ ಸ್ಕಾಟ್, ದೂರದಿಂದ ಹೋಲ್ಟ್.

"ಅಂದ್ರೆ ಕಾಪಿ ಪೇಸ್ಟ್" ಎಂದ ಅಳಿಯ. ಅವನು ಸಾಫ್ಟ್‌ವೇರ್.

ಮೊಹಾವೆ ಊರಿನಲ್ಲಿ ಪೆಟ್ರೋಲ್ ಹಾಕಿಸಿ, ಬಂಕಿನ ಪಕ್ಕ ಕಾರು ನಿಲ್ಲಿಸಿ ಚಿತ್ರಾನ್ನ ತಿಂದೆವು. ದೂರದಲ್ಲಿ ಹಾರಾಟ ಮುಗಿಸಿದ ದೊಡ್ಡ ವಿಮಾನಗಳು ಸಾಲಾಗಿ ನಿಂತಿದ್ದವು. ಮಾವ ಇದ್ದಿದ್ದರೆ ಸ್ಕಾಟ್‌ನನ್ನು ಮರೆತು ಅಲ್ಲೇ ಉಳಿದುಬಿಡುತ್ತಿದ್ದ. ಮುಂದೆ ರೆಡ್ ರಾಕ್ ಕ್ಯಾನ್ಯನ್, ಆಮೇಲೆ 395ನೇ ಹೆದ್ದಾರಿ. ಎಡಕ್ಕೆ ಸಿಯೆರಾ ನೆವಾಡಾ ಬೆಟ್ಟಸಾಲು ಗೋಡೆಯ ಹಾಗೆ ಏಳುತ್ತದೆ. ಬಲಕ್ಕೆ ಬಿಳಿಯ ಬಯಲು. ಅದು ಓವೆನ್ಸ್ ಕೆರೆ. ಕೆರೆ ಅಂದರೆ ಹೆಸರಿಗೆ ಮಾತ್ರ. 1913ರಲ್ಲಿ ಲಾಸ್ ಏಂಜಲಿಸ್ ನಗರ ಇಲ್ಲಿನ ನೀರನ್ನು ಕಾಲುವೆ ತೆಗೆದು ಒಯ್ದ ಮೇಲೆ ಒಣಗಿ ಹೋಯಿತು. ನಾವು ಮಗಳ ಮನೆಯಲ್ಲಿ ನಲ್ಲಿ ತಿರುಗಿಸಿದಾಗ ಬರುವ ನೀರು ಎಲ್ಲಿಯದೋ, ಆದರೆ ಕಾವೇರಿ ಕುಡಿಯುವ ಬೆಂಗಳೂರಿನವನಿಗೆ ಇದರ ಮುಂದೆ ಸ್ವಲ್ಪ ಮುಜುಗರವೇ ಆಗುತ್ತದೆ.

ಸಂಜೆ ನಾಲ್ಕಕ್ಕೆ ಲೋನ್ ಪೈನ್. ಒಂದು ಮುಖ್ಯ ಬೀದಿ, ಒಂದು ಸಿಗ್ನಲ್. ಸಿನಿಮಾದವರು ಉಳಿದುಕೊಳ್ಳಲೆಂದೇ 1920ರ ದಶಕದಲ್ಲಿ ಕಟ್ಟಿದ ಡೌ ಹೋಟೆಲ್ ಇನ್ನೂ ಇದೆ. ನಾವು ಅಗ್ಗದ ಮೋಟೆಲ್‌ನಲ್ಲಿ ಇಳಿದೆವು. ಹೆಂಡತಿ ಹೊರಗೆ ಬಂದು ಬೆಟ್ಟದ ತುದಿ ನೋಡಿದಳು. ಅದು ಮೌಂಟ್ ವಿಟ್ನಿ, 14,505 ಅಡಿ. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ.

"ಅಲ್ಲೂ ಹಿಮ ಕಾಣ್ತಿಲ್ವಲ್ರೀ" ಎಂದಳು.

ಎರಡನೇ ದಿನ: ಬಂಡೆಗಳು

ಬೆಳಗ್ಗೆ ಐದೂವರೆಗೇ ನಾನು, ಅಳಿಯ ಇಬ್ಬರೇ ಹೊರಟೆವು. ಊರಿನಿಂದ ಬಂಡೆಗಳಿಗೆ ಮೂರು ಮೈಲಿಯೂ ಇಲ್ಲ. ವಿಟ್ನಿ ಪೋರ್ಟಲ್ ರಸ್ತೆಯಲ್ಲಿ ಹೋಗಿ ಬಲಕ್ಕೆ ತಿರುಗಿದರೆ ಮೂವಿ ರೋಡ್. ರಸ್ತೆಯ ಹೆಸರೇ ಅದು. ತಿರುವಿನಲ್ಲಿ ಒಂದು ಸ್ಮಾರಕ ಫಲಕ. 1990ರಲ್ಲಿ ಹಳೆಯ ಹಾಡುವ ಕೌಬಾಯ್ ರಾಯ್ ರೋಜರ್ಸ್ ಬಂದು ಅದನ್ನು ಉದ್ಘಾಟಿಸಿದ. ಅಲ್ಲಿಂದ ಮುಂದೆ ಸ್ವಲ್ಪ ದೂರಕ್ಕೆ ಡಾಂಬರು ಮುಗಿದು ಮಣ್ಣುರಸ್ತೆ.

ಬೆಳಕು ಬಂದದ್ದು ಮೇಲಿನಿಂದ ಕೆಳಕ್ಕೆ. ಮೊದಲು ವಿಟ್ನಿಯ ತುದಿ ಕೆಂಪಾಯಿತು. ಆ ಕೆಂಪು ನಿಧಾನಕ್ಕೆ ಜಾರುತ್ತಾ ಕೆಳಗಿಳಿಯಿತು. ಕೊನೆಗೆ ನಮ್ಮ ಸುತ್ತಲಿನ ಬಂಡೆಗಳು ಒಂದೊಂದಾಗಿ ಎದ್ದವು. ದುಂಡಗಿನವು, ಆನೆಯ ಬೆನ್ನಿನಂಥವು, ಒಂದರ ಮೇಲೊಂದು ಕೂತವು, ಈಗಲೋ ಆಗಲೋ ಉರುಳುತ್ತವೆ ಎನ್ನುವಂಥವು. ನನ್ನ ಬಾಯಿಂದ ಬಂದ ಮೊದಲ ಮಾತು "ಅಯ್ಯೋ, ರಾಮದೇವರ ಬೆಟ್ಟ!"

ಮಗಳು ಹೇಳಿದ್ದು ಸುಳ್ಳಲ್ಲ. ಈ ಅಲಬಾಮಾ ಹಿಲ್ಸ್ ಬೆಳಗಿನ ಬೆಳಕಿನಲ್ಲಿ ಥೇಟ್ ರಾಮನಗರ. ಎರಡೂ ಗ್ರಾನೈಟ್. ಎರಡೂ ಕಡೆ ಕಲ್ಲಿನ ಸಂದಿಗೆ ನೀರಿಳಿದು, ಮೂಲೆಗಳು ಮೊದಲು ಸವೆದು, ಚೌಕ ಹೋಗಿ ಗುಂಡಾದದ್ದು. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಲ್ಲಿಯದು ಇನ್ನೂ ಹತ್ತು ಕೋಟಿ ದಾಟಿಲ್ಲ. ನಮ್ಮದರ ಮುಂದೆ ಕೂಸು. 1975ರಲ್ಲಿ 'ಶೋಲೆ' ನೋಡಿ ಬಂದ ಮಾವ, "ಇವರೂ ಉದ್ದಮುಖದವನ ಬಂಡೆಗೇ ಹೋಗಿದಾರಲ್ಲೋ" ಎಂದದ್ದು ನೆನಪಿದೆ. ಅದು ರಾಮನಗರ ಮಾವ, ಇಲ್ಲೇ ಮೂವತ್ತು ಮೈಲಿ ಎಂದರೆ ನಂಬಲು ತಯಾರಿರಲಿಲ್ಲ.

ಅಲಬಾಮಾ ಎಂಬ ಹೆಸರಿಗೂ ಆ ರಾಜ್ಯಕ್ಕೂ ನೇರ ಸಂಬಂಧವಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದವರ ಪರ ಇದ್ದ ಗಣಿಗಾರರು ಆ ಕಡೆಯ ಅಲಬಾಮಾ ಎಂಬ ಯುದ್ಧನೌಕೆಯ ಹೆಸರಿಟ್ಟರು. 1864ರಲ್ಲಿ ಅದನ್ನು ಉತ್ತರದವರ ಕಿಯರ್‌ಸಾರ್ಜ್ ಎಂಬ ನೌಕೆ ಮುಳುಗಿಸಿತು. ಉತ್ತರದ ಪರ ಇದ್ದ ಗಣಿಗಾರರು ಬಿಟ್ಟಾರೆಯೇ? ಹತ್ತಿರದಲ್ಲೇ ತಮ್ಮ ಗಣಿಗೆ ಕಿಯರ್‌ಸಾರ್ಜ್ ಎಂದು ಹೆಸರಿಟ್ಟರು. ಜಗಳ ಎಲ್ಲೋ, ಹೆಸರು ಎಲ್ಲೋ.

ಇಲ್ಲಿಗೆ ಸಿನಿಮಾ ಬಂದದ್ದು 1920ರಲ್ಲಿ. ಅಲ್ಲಿಂದೀಚೆಗೆ ನೂರಾರು ಚಿತ್ರಗಳು. ಕಾರಣ ಸರಳ. ಲಾಸ್ ಏಂಜಲಿಸ್‌ನಿಂದ ಒಂದೇ ದಿನದಲ್ಲಿ ಬರಬಹುದು. ಮುಂದೆ ಬಂಡೆ, ಹಿಂದೆ ಹಿಮಶಿಖರ, ತಿರುಗಿ ನಿಂತರೆ ಬಯಲು. ಕ್ಯಾಮೆರಾ ಯಾವ ಕಡೆ ಹಿಡಿದರೆ ಆ ದೇಶ. 1939ರ 'ಗಂಗಾ ದಿನ್' ಚಿತ್ರಕ್ಕೆ ಇದೇ ನಮ್ಮ ವಾಯುವ್ಯ ಗಡಿನಾಡಾಯಿತು. ಬಿಳಿಯ ಸೋಲ್ಜರುಗಳು ನಮ್ಮವರನ್ನು ಬಡಿಯುವ ಕತೆ. ಇಂಡಿಯಾದಲ್ಲಿ ಅದರ ವಿರುದ್ಧ ಆಗಲೇ ಕೂಗೆದ್ದಿತ್ತು. ಅದರ ನಾಯಕ ಕ್ಯಾರಿ ಗ್ರಾಂಟ್ ಒಂದು ಕಾಲದಲ್ಲಿ ಸ್ಕಾಟ್‌ನ ಜತೆ ಒಂದೇ ಮನೆಯಲ್ಲಿ ಇದ್ದವನು. ಇಬ್ಬರೂ ಎಳೆಯ ನಟರು, ಸಾಂಟಾ ಮೋನಿಕಾದ ಸಮುದ್ರ ದಂಡೆಯ ಮನೆ. ಗ್ರಾಂಟ್ ಸೂಟು ಬೂಟಿನ ಕಡೆ ಹೋದ. ಸ್ಕಾಟ್ ಸಂಗೀತ, ಹಾಸ್ಯ, ಪ್ರೇಮ ಎಲ್ಲವನ್ನೂ ಮುಟ್ಟಿ ನೋಡಿ, ಎರಡನೇ ಯುದ್ಧ ಮುಗಿದ ಮೇಲೆ ಕುದುರೆ ಹತ್ತಿದವನು ಹೆಚ್ಚುಕಡಿಮೆ ಇಳಿಯಲೇ ಇಲ್ಲ. ನೂರರಷ್ಟು ಚಿತ್ರಗಳಲ್ಲಿ ಅರವತ್ತರಷ್ಟು ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರ. 1950ರಿಂದ 53ರವರೆಗೆ ನಾಲ್ಕು ವರ್ಷವೂ ಅಮೆರಿಕದಲ್ಲಿ ಅತಿ ಹೆಚ್ಚು ದುಡ್ಡು ತರುವ ಹತ್ತು ನಟರ ಪಟ್ಟಿಯಲ್ಲಿ ಅವನ ಹೆಸರಿತ್ತು.

ಆದರೆ ನಾನು ಇಲ್ಲಿಗೆ ಬಂದದ್ದು ಆ ವರ್ಷಗಳಿಗಾಗಿ ಅಲ್ಲ. ಅದರ ನಂತರದ ಸ್ಕಾಟ್‌ಗಾಗಿ. ಆಗ ಅವನಿಗೆ ಐವತ್ತೇಳು, ಐವತ್ತೆಂಟು. ಮುಖದಲ್ಲಿ ಗೆರೆ ಬಿದ್ದಿದ್ದವು. ಇನ್ನೇನು ಮುಗಿಯಿತು ಎನ್ನುವ ಹೊತ್ತು. ಜಾನ್ ವೇಯ್ನ್‌ನ ಕಂಪನಿಯಲ್ಲಿ ಒಂದು ಚಿತ್ರ ತಯಾರಾಗುತ್ತಿತ್ತು. ವೇಯ್ನ್‌ಗೆ ಬೇರೆ ಚಿತ್ರ ಇದ್ದುದರಿಂದ ಪಾತ್ರ ಸ್ಕಾಟ್‌ಗೆ ಬಂತು. ನಿರ್ದೇಶಕ ಬಡ್ ಬೆಟಿಕರ್, ಮೆಕ್ಸಿಕೊಗೆ ಹೋಗಿ ಗೂಳಿಕಾಳಗ ಕಲಿತು ಬಂದ ಆಸಾಮಿ. ಬರೆದವನು ಬರ್ಟ್ ಕೆನೆಡಿ. 1956ರ ಆ 'ಸೆವೆನ್ ಮೆನ್ ಫ್ರಮ್ ನೌ' ಇಲ್ಲೇ, ಈ ಬಂಡೆಗಳಲ್ಲೇ ಆಯಿತು. ಅಲ್ಲಿಂದ 1960ರವರೆಗೆ ಸ್ಕಾಟ್ ಮತ್ತು ಬೆಟಿಕರ್ ಏಳು ಚಿತ್ರ ಮಾಡಿದರು. ಅದರಲ್ಲಿ ನಾಲ್ಕು ಲೋನ್ ಪೈನ್‌ನಲ್ಲಿ. ಒಂದೊಂದೂ ಎರಡು ಎರಡೂವರೆ ವಾರದ ಕೆಲಸ. ಉದ್ದ ಎಪ್ಪತ್ತು ಎಂಬತ್ತು ನಿಮಿಷ. ದೊಡ್ಡ ಚಿತ್ರಕ್ಕೆ ಜೋಡಿಯಾಗಿ ಓಡಿಸುವ ಮಾಲು ಅಂತಲೇ ಆಗಿನವರ ಲೆಕ್ಕ.

ಮ್ಯೂಸಿಯಂನಿಂದ ಶೂಟಿಂಗ್ ಜಾಗಗಳ ನಕಾಶೆ ಸಿಗುತ್ತದೆ ಎಂದು ಗೊತ್ತಿದ್ದರೂ ಮೊದಲು ನನ್ನ ಕಣ್ಣಿನಿಂದಲೇ ಹುಡುಕಬೇಕು ಅಂತ ಹಟ. ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟುಕೊಂಡಿದ್ದ ಕೆಲವು ಚಿತ್ರಗಳನ್ನು ಫೋನಿಗೆ ಹಾಕಿಕೊಂಡು ಬಂದಿದ್ದೆ. 'ರೈಡ್ ಲೋನ್‌ಸಮ್' ಚಿತ್ರ ಶುರುವಾಗುವುದು ಬಂಡೆಗಳ ಇಕ್ಕಟ್ಟಿನಿಂದ ಕುದುರೆ ಮೇಲೆ ಸ್ಕಾಟ್ ಹೊರಬರುವುದರಿಂದ. ಅಳಿಯ ಫೋನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದಿನ ಬೆಟ್ಟದ ಗೆರೆ ಹೊಂದಿಸುತ್ತಾ ಅತ್ತಿತ್ತ ನಡೆದ. ಅರ್ಧ ಗಂಟೆ ಆಯಿತು. "ಮಾವ, ಇಲ್ಲಿ ಬನ್ನಿ. ಇದೇ ಇರ್ಬೇಕು" ಎಂದ.

ಬೆಟ್ಟದ ಗೆರೆ ಕೂತಿತು. ಬಲಗಡೆ ಬಂಡೆಯ ಮೂಗು ಕೂತಿತು. ಅದೇ ಅಂತ ನೂರಕ್ಕೆ ನೂರು ಹೇಳಲಾರೆ. ನನಗೆ ಅಷ್ಟು ಸಾಕಾಗಿತ್ತು. ಸಂದಿಯೊಳಗೆ ನಡೆದು ಹೋಗಿ, ತಿರುಗಿ, ಹೊರಗೆ ಬಂದೆ. ಕುದುರೆ ಇಲ್ಲ, ಮಂಕಿ ಟೋಪಿ ಇತ್ತು. ಒಳಗೆ ನೆರಳು, ಕಾಲಡಿ ಸಡಿಲ ಮರಳು, ಎರಡೂ ಕಡೆ ಕಲ್ಲು ತಣ್ಣಗೆ. ಹೊರಗೆ ಹೆಜ್ಜೆ ಇಟ್ಟ ತಕ್ಷಣ ಬಿಸಿಲು ಮುಖಕ್ಕೆ ಬಡಿದು ಕಣ್ಣು ಕಿರಿದಾದವು. ಸ್ಕಾಟ್‌ನ ಆ ಕಿರಿಗಣ್ಣು ಅಭಿನಯ ಅಂದುಕೊಂಡಿದ್ದೆ ಇಷ್ಟು ದಿನ!

ಇನ್ನೊಂದು ಗೊತ್ತಾಯಿತು. ಸಿನಿಮಾದಲ್ಲಿ ಐದಾರು ಜನ ದಿನಗಟ್ಟಲೆ ಕುದುರೆ ಓಡಿಸಿ ದೂರದ ಊರಿಗೆ ಹೋಗುತ್ತಾರಲ್ಲ, ಆ ದಾರಿಯೆಲ್ಲ ನಿಜದಲ್ಲಿ ಈ ಸುತ್ತಮುತ್ತಲೇ. ಒಂದು ಬಂಡೆಯ ಈ ಮಗ್ಗುಲು ಸೋಮವಾರ, ಆ ಮಗ್ಗುಲು ಗುರುವಾರ. ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿದರೆ ಅಯೋಧ್ಯೆಯಿಂದ ಲಂಕೆ ತಲುಪುವುದಿಲ್ಲವೇ, ಹಾಗೆ. ಸ್ಕಾಟ್ ಕೂಡ ಯಕ್ಷಗಾನದ ಹಳೆಯ ವೇಷಧಾರಿಯಂತೆಯೇ. ವೇಷ ಒಂದೇ. ಅದೇ ಸವೆದ ಚರ್ಮದ ಕೋಟು, ಅದೇ ನಸುಹಳದಿ ಕುದುರೆ ಸ್ಟಾರ್‌ಡಸ್ಟ್, ಅದೇ ಕಡಿಮೆ ಮಾತು. ಮಾಡಿ ಮಾಡಿ ಬೇಡದ್ದೆಲ್ಲ ಉದುರಿ ಹೋಗಿ, ಕೊನೆಗೆ ನಿಂತುಕೊಳ್ಳುವುದು ಮಾತ್ರ ಉಳಿಯಿತು. ಎದುರಿಗೆ ಬರುವ ಖಳರಿಗೇ ಬೆಟಿಕರ್ ಒಳ್ಳೆಯ ಮಾತು, ನಗು, ಆಸೆ ಎಲ್ಲ ಕೊಡುತ್ತಾನೆ. ಲೀ ಮಾರ್ವಿನ್, ರಿಚರ್ಡ್ ಬೂನ್ ಅಂಥವರು ಸ್ಕಾಟ್‌ನ ಸುತ್ತ ಗಿರಗಿರನೆ ತಿರುಗುತ್ತಾರೆ. ಇವನು ನಡುವೆ ಗೂಟ. ಆಮೇಲೆ ಹೆಸರು ಮಾಡಿದ ಜೇಮ್ಸ್ ಕೋಬರ್ನ್‌ನ ಮೊದಲ ಸಿನಿಮಾ 'ರೈಡ್ ಲೋನ್‌ಸಮ್'. ಬೇರೆಯವರು ಇವನ ಪಕ್ಕ ನಿಂತು ಬೆಳೆದರು.

ವಾಪಸು ಬರುವಾಗ ಮೂವಿ ರೋಡಿನ ಚೂಪುಗಲ್ಲಿಗೆ ಟೈರು ಪಂಕ್ಚರ್. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ! ಈಗಿನ ಕಾರುಗಳಲ್ಲಿ ಕೊಡುವುದಿಲ್ಲವಂತೆ, ಬದಲಿಗೆ ಒಂದು ಗಾಳಿಪಂಪು, ಒಂದು ಬಾಟಲಿ ಅಂಟು. ಅದು ಹೇಗೆಂದು ಇಬ್ಬರೂ ಚೀಟಿ ಓದುತ್ತಾ ನಿಂತಿದ್ದಾಗ ಪಿಕಪ್ ಗಾಡಿಯ ಮುದುಕರೊಬ್ಬರು ನಿಲ್ಲಿಸಿ, ಏನೂ ಕೇಳದೆ ಇಳಿದು, ಹತ್ತು ನಿಮಿಷದಲ್ಲಿ ಪಂಕ್ಚರ್ ಹಾಕಿಕೊಟ್ಟರು. ಸಿನಿಮಾ ಜಾಗ ನೋಡಲು ಬಂದಿದ್ದೇವೆ ಎಂದೆ. "ಓ, ಐರನ್ ಮ್ಯಾನ್?" ಎಂದರು. ಅದೂ ಇಲ್ಲೇ ಆದದ್ದು, 2008ರ ಚಿತ್ರ. ಆಗ ಈ ಬಂಡೆಗಳು ಅಫ್ಘಾನಿಸ್ತಾನ. ಸ್ಕಾಟ್ ಎಂದಾಗ ತಲೆ ಕೆರೆದುಕೊಂಡು, ಊರಿನವನಾ ಎಂದು ಕೇಳಿದರು.

ಮಧ್ಯಾಹ್ನ ಮ್ಯೂಸಿಯಂ ಆಫ್ ವೆಸ್ಟರ್ನ್ ಫಿಲ್ಮ್ ಹಿಸ್ಟರಿಗೆ ನಾಲ್ವರೂ ಹೋದೆವು. 2006ರಲ್ಲಿ ತೆರೆದದ್ದು. ಕೋಟು, ಜೀನು, ಬಂದೂಕು, ಪೋಸ್ಟರು. 'ಜಾಂಗೊ ಅನ್‌ಚೈನ್ಡ್' ಚಿತ್ರದ ಹಲ್ಲಿನ ಡಾಕ್ಟರ ಗಾಡಿ, ಮೇಲೆ ದೊಡ್ಡ ದವಡೆಹಲ್ಲು ಸ್ಪ್ರಿಂಗಿನ ಮೇಲೆ. ಮಗಳಿಗೆ ಅದೇ ಇಷ್ಟವಾಯಿತು. ನಾನು ಕಸೂತಿ ಹಾಕಿದ ಅಂಗಿಗಳನ್ನು ನೋಡುತ್ತಾ ನಿಂತೆ. ಜೀನ್ ಆಟ್ರಿ, ರಾಯ್ ರೋಜರ್ಸ್ ಹಾಡುವ ಕೌಬಾಯ್‌ಗಳು, ಅವರದು ಜಾತ್ರೆಯ ಉಡುಪು. ಅದನ್ನು ನೋಡಿದ ಮೇಲೆ ಸ್ಕಾಟ್ ಇನ್ನೂ ಸಾದಾ ಎನ್ನಿಸಿದ.

ರಾತ್ರಿ ಮೋಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು 'ರೈಡ್ ಲೋನ್‌ಸಮ್' ಹಾಕಿದೆ. 1959ರದು, 73 ನಿಮಿಷ. ಸ್ಕಾಟ್‌ನ ಪಾತ್ರದ ಹೆಸರು ಬೆನ್ ಬ್ರಿಗೇಡ್. ಮಗಳು ಬಿದ್ದು ಬಿದ್ದು ನಕ್ಕಳು. ಬ್ರಿಗೇಡ್ ರೋಡಿನಲ್ಲಿ ಕಾಲೇಜು ದಿನ ಕಳೆದವಳು. ಬ್ರಿಗೇಡ್ ಒಬ್ಬ ಕೊಲೆಗಾರ ಹುಡುಗನನ್ನು ಹಿಡಿದು ಸಾಗಿಸುತ್ತಾನೆ. ನಿಜವಾಗಿ ಅವನಿಗೆ ಬೇಕಾದದ್ದು ಬಿಡಿಸಿಕೊಳ್ಳಲು ಹಿಂದೆ ಬರುವ ಅಣ್ಣ. ಬಹಳ ಹಿಂದೆ ಬ್ರಿಗೇಡ್‌ನ ಹೆಂಡತಿಯನ್ನು ಮರಕ್ಕೆ ನೇಣು ಹಾಕಿದವನು ಅವನು. ಕೊನೆಗೆ ಲೆಕ್ಕ ಚುಕ್ತಾ ಆಗುತ್ತದೆ. ಎಲ್ಲರೂ ಹೊರಟು ಹೋಗುತ್ತಾರೆ. ಬ್ರಿಗೇಡ್ ಆ ಒಣಮರಕ್ಕೆ ಬೆಂಕಿ ಹಚ್ಚಿ ಮುಂದೆ ನಿಂತಿರುತ್ತಾನೆ. ಮಾತಿಲ್ಲ. ಹೊಗೆ ಮೇಲೇರುತ್ತದೆ. ಬೆನ್ನು ಮಾತ್ರ ಕಾಣುತ್ತದೆ.

ನನ್ನ ಹೆಂಡತಿ ಪೂರ್ತಿ ನೋಡಿದಳು, ಆಶ್ಚರ್ಯ. "ಇನ್ನೊಂದರಲ್ಲೂ ಹೆಂಡತಿ ಸಾಯ್ತಾಳೆ ಅಂದ್ರಿ?"

"ಹೌದು, ಸೆವೆನ್ ಮೆನ್‌ನಲ್ಲಿ ದರೋಡೆಕೋರರ ಗುಂಡಿಗೆ. 'ಕಮಾಂಚಿ ಸ್ಟೇಷನ್'ನಲ್ಲಿ ರೆಡ್ ಇಂಡಿಯನ್ನರು ಎತ್ಕೊಂಡು ಹೋಗಿರ್ತಾರೆ, ಹತ್ತು ವರ್ಷ ಹುಡುಕ್ತಾ ಇರ್ತಾನೆ."

"ಈ ಮನುಷ್ಯನಿಗೆ ಪ್ರತಿ ಸಿನಿಮಾದಲ್ಲೂ ಹೆಂಡತಿ ಕಳ್ಕೊಳ್ಳೋದೇ ಕೆಲಸವಾ? ಒಂದರಲ್ಲಾದ್ರೂ ಮನೇಲಿ ಇಟ್ಕೊಂಡು ನೋಡ್ಕೋಬಾರ್ದಾ?"

ಈ ಪ್ರಶ್ನೆಯನ್ನು ಯಾವ ವಿಮರ್ಶಕನೂ ಕೇಳಿದ್ದು ನಾನು ಓದಿಲ್ಲ.

ಮೂರನೇ ದಿನ: ಹಿಮ ಹುಡುಕಿಕೊಂಡು

ಲೋನ್ ಪೈನ್ ಬಿಟ್ಟು ಹತ್ತು ಮೈಲಿಗೆ ಮಂಝನಾರ್. ಎರಡನೇ ಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರ. ಒಂದು ಹಂತದಲ್ಲಿ ಹತ್ತು ಸಾವಿರ ಜನ ಇದ್ದರು. ಕಾವಲು ಗೋಪುರ, ಮರದ ಷೆಡ್ಡುಗಳು, ಗಾಳಿ. ಇಲ್ಲಿ ಜನ ಬೇಲಿಯೊಳಗೆ ಇದ್ದ ಕಾಲದಲ್ಲೇ ಅಲ್ಲಿ ಬಂಡೆಗಳ ನಡುವೆ ಕುದುರೆ ಓಡುತ್ತಿದ್ದವು. ನಾವು ಜಾಸ್ತಿ ಮಾತಾಡಲಿಲ್ಲ.

ಬಿಷಪ್ ಊರಿನ ದೊಡ್ಡ ಬೇಕರಿಯಲ್ಲಿ ಬ್ರೆಡ್ಡು, ಚೀಸು ಕಟ್ಟಿಸಿಕೊಂಡು ಘಟ್ಟ ಹತ್ತಿದೆವು. ಮಧ್ಯಾಹ್ನಕ್ಕೆ ಮ್ಯಾಮತ್ ಲೇಕ್ಸ್. ಪೈನ್ ಕಾಡು, ನಡುನಡುವೆ ಹಳದಿ ತಿರುಗಿದ ಆಸ್ಪೆನ್ ಮರಗಳು, ನೀಲಿ ಕೆರೆ. ಬಿಸಿಲು ಚುರುಕಾಗಿತ್ತು. ಹಿಮ ಮಾತ್ರ ಒಂದು ಹಿಡಿಯೂ ಇಲ್ಲ.

"ಮಾತು ಕೊಟ್ಟಿದ್ರಿ" ಎಂದಳು ಹೆಂಡತಿ.

ಇದರಲ್ಲಿ ಒಂದು ಕುಚೋದ್ಯವಿದೆ. 1961ರ ಅಕ್ಟೋಬರ್‌ನಲ್ಲಿ, ಹೆಚ್ಚುಕಡಿಮೆ ಇದೇ ದಿನಗಳಲ್ಲಿ, ಸ್ಕಾಟ್ ತನ್ನ ಕೊನೆಯ ಚಿತ್ರಕ್ಕೆ ಇಲ್ಲಿಗೇ ಬಂದಿದ್ದ. 'ರೈಡ್ ದ ಹೈ ಕಂಟ್ರಿ'. ನಿರ್ದೇಶಕ ಸ್ಯಾಮ್ ಪೆಕಿನ್ಪಾ, ಅವನಿಗೆ ಇದು ಎರಡನೇ ಚಿತ್ರ. ನಾಲ್ಕು ದಿನ ಶೂಟಿಂಗ್ ಆಗುವಷ್ಟರಲ್ಲಿ ಹಿಮ ಸುರಿಯಿತು. ದಿನ ಕಳೆದರೆ ದುಡ್ಡು ಕರಗುತ್ತದೆ ಎಂದು ಕಂಪನಿಯವರು ಎಲ್ಲರನ್ನೂ ಗಂಟುಮೂಟೆ ಕಟ್ಟಿಸಿ ಲಾಸ್ ಏಂಜಲಿಸ್‌ಗೆ ವಾಪಸು ಕರೆಸಿಕೊಂಡರು. ಬೇಡವೆಂದವರಿಗೆ ಬಿತ್ತು, ಬೇಕೆಂದವಳಿಗೆ ಇಲ್ಲ.

ಹಾರ್ಸ್‌ಷೂ ಕೆರೆಯ ಹತ್ತಿರ ಕಾರು ನಿಲ್ಲಿಸಿದೆವು. ಅಲ್ಲಿ ನೂರು ಎಕರೆಯಷ್ಟು ಮರ ಸತ್ತು ನಿಂತಿವೆ. ಕೆಳಗಿನ ಜ್ವಾಲಾಮುಖಿಯಿಂದ ಕಾರ್ಬನ್ ಡೈಆಕ್ಸೈಡ್ ನೆಲದೊಳಗೆ ಸೇರಿ ಬೇರು ಉಸಿರುಗಟ್ಟಿದ್ದು. ತಗ್ಗಿನಲ್ಲಿ ಕೂರಬೇಡಿ, ಮಲಗಬೇಡಿ ಎಂದು ಬೋರ್ಡು. ತೊಗಟೆ ಇಲ್ಲದ ಬಿಳಿಯ ಮರಗಳು, ಒಂದನ್ನು ಮುಟ್ಟಿದೆ. ಪಾಲಿಷ್ ಹಾಕಿದ ಕೈಕೋಲಿನ ಹಾಗೆ ನುಣ್ಣಗೆ. ಸ್ವಲ್ಪ ದೂರ ಹೋಗಿ ಒಂದು ದಿಬ್ಬದ ಮೇಲೆ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿನ್ನುತ್ತಾ ಅಳಿಯನಿಗೆ ಕತೆ ಹೇಳಿದೆ.

ಇಬ್ಬರು ಮುದುಕರು. ಒಂದು ಕಾಲದಲ್ಲಿ ಹೆಸರಿದ್ದ ಕಾನೂನಿನ ಮನುಷ್ಯರು, ಈಗ ಕಾಸಿಲ್ಲ. ಬೆಟ್ಟದ ಮೇಲಿನ ಗಣಿಯಿಂದ ಬ್ಯಾಂಕಿಗೆ ಚಿನ್ನ ತರುವ ಕೆಲಸ ಒಬ್ಬನಿಗೆ ಸಿಗುತ್ತದೆ, ಹಳೆಯ ಗೆಳೆಯನನ್ನು ಕರೆದುಕೊಳ್ಳುತ್ತಾನೆ. ಗೆಳೆಯನ ಮನಸ್ಸಿನಲ್ಲಿ ಚಿನ್ನ ಹೊಡೆಯುವ ಯೋಚನೆ. ಪ್ರಾಮಾಣಿಕ ಮುದುಕನ ಪಾತ್ರ ಜೋಯೆಲ್ ಮಕ್ರೇ. ಅವನೂ ಸ್ಕಾಟ್‌ನ ಹಾಗೆ ಕುದುರೆ ಮೇಲೇ ವಯಸ್ಸಾದವನು. ಕಳ್ಳಮನಸ್ಸಿನವನು ಸ್ಕಾಟ್. ಮೊದಲು ಪಾತ್ರ ಹಂಚಿದ್ದು ತಿರುಗಾಮುರುಗಾ, ಆಮೇಲೆ ಅದಲುಬದಲು ಮಾಡಿಕೊಂಡರು. ಯಾರ ಹೆಸರು ಮೊದಲು ಬರಬೇಕು ಎನ್ನುವುದಕ್ಕೆ ಬ್ರೌನ್ ಡರ್ಬಿ ಎಂಬ ಹೋಟೆಲಿನಲ್ಲಿ ಎಲ್ಲರೆದುರು ನಾಣ್ಯ ಚಿಮ್ಮಿದರು. ಸ್ಕಾಟ್ ಗೆದ್ದ.

ಮೂವತ್ತು ವರ್ಷ ಹೆಚ್ಚಾಗಿ ನೇರ ಮನುಷ್ಯನ ಪಾತ್ರವನ್ನೇ ಮಾಡಿದವನು ಕಡೆಯ ಚಿತ್ರದಲ್ಲಿ ಗೆಳೆಯನಿಗೆ ಟೋಪಿ ಹಾಕುವವನಾದ. ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆ ಮುಖ ನೋಡಿದ ಪ್ರೇಕ್ಷಕನಿಗೆ ಇವನು ಕದಿಯಲಾರ ಅಂತ ನಂಬಿಕೆ. ಸ್ಕಾಟ್ ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು, ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುತ್ತಾ, ಎಲ್ಲರನ್ನೂ ಮೋಸ ಮಾಡುತ್ತಾನೆ. ಕೊನೆಗೆ ಬುದ್ಧಿ ತಿರುಗಿ ಗೆಳೆಯನ ಪಕ್ಕ ಬಂದು ನಿಲ್ಲುತ್ತಾನೆ. ಮತ್ತೆ ಅದೇ, ನಿಲ್ಲುವುದು.

1962ರಲ್ಲಿ ಚಿತ್ರ ಬಂದಾಗ ಎಂಜಿಎಂ ಕಂಪನಿ ಅದನ್ನು ಜೋಡಿ ಚಿತ್ರಗಳ ಕೆಳಗಿನ ಸಾಲಿಗೆ ಹಾಕಿತು. 1992ರಲ್ಲಿ ಅದೇ ಚಿತ್ರ ಅಮೆರಿಕದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿತು. ಅಷ್ಟರಲ್ಲಿ ಸ್ಕಾಟ್ ಇರಲಿಲ್ಲ, 1987ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ.

"ನಡುವೆ ಇಪ್ಪತ್ತೈದು ವರ್ಷ ಏನ್ ಮಾಡ್ತಿದ್ದ?" ಅಳಿಯ ಕೇಳಿದ.

"ಏನೂ ಇಲ್ಲ. ಗಾಲ್ಫ್ ಆಡ್ತಿದ್ದ."

ನಿಜ. ಮತ್ತೆ ಒಂದು ಚಿತ್ರವೂ ಮಾಡಲಿಲ್ಲ. ಸೆಟ್ಟಿನಲ್ಲಿ ಬಿಡುವಾದಾಗ ಬೇರೆ ನಟರು ಇಸ್ಪೀಟು ಆಡಿದರೆ ಇವನು ವಾಲ್ ಸ್ಟ್ರೀಟ್ ಜರ್ನಲ್ ಬಿಚ್ಚಿಕೊಂಡು ಕೂರುತ್ತಿದ್ದ ಎಂದು ಜತೆಗೆ ಕೆಲಸ ಮಾಡಿದವರು ನೆನೆದಿದ್ದಾರೆ. ಜಮೀನು, ಷೇರು, ಎಣ್ಣೆಬಾವಿ ಎಲ್ಲದರಲ್ಲೂ ದುಡ್ಡು ಹಾಕಿ ಹಾಲಿವುಡ್‌ನ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ. ಅದಕ್ಕೇ ಬಾಗಿಲು ಬಾಗಿಲು ತಟ್ಟುವ ಪರಿಸ್ಥಿತಿ ಬರಲಿಲ್ಲ. ದುಡ್ಡಿದ್ದವರೂ ನಿಲ್ಲಿಸುವುದಿಲ್ಲ ಬಿಡಿ. ಎಪ್ಪತ್ತಾದರೂ ಕೂದಲಿಗೆ ಬಣ್ಣ ಹಾಕಿಕೊಂಡು ಕಾಲೇಜು ಹುಡುಗನಾಗಿ ಬರುವವರನ್ನು ನಾವು ನೋಡಿಲ್ಲವೇ. ಮಾವ ನಿಂತುಕೊಳ್ಳುವುದು ನೋಡು ಅಂದ. ನಿಲ್ಲಿಸುವುದನ್ನೂ ನೋಡು ಎಂದು ಸೇರಿಸಬಹುದಿತ್ತು. ಆದರೆ ಆಗ ಅವನಿಗೂ ಮೂವತ್ತು ತುಂಬಿರಲಿಲ್ಲ.

ರಾತ್ರಿ ಬಿಷಪ್‌ನಲ್ಲಿ ಉಳಿದೆವು.

ನಾಲ್ಕನೇ ದಿನ

ಇಡೀ ದಿನ ಕಾರು. ಲೋನ್ ಪೈನ್ ದಾಟುವಾಗ ಮತ್ತೊಮ್ಮೆ ನಿಲ್ಲಿಸೋಣ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಐದನೇ ದಿನ: ಸೋಪಿನ ಹಿಮ

ಉಳಿದದ್ದು ಒಂದೇ ಜಾಗ, ಬ್ರಾನ್ಸನ್ ಕ್ಯಾನ್ಯನ್. ಲಾಸ್ ಏಂಜಲಿಸ್ ಊರೊಳಗೇ, ಗ್ರಿಫಿತ್ ಪಾರ್ಕ್‌ನ ಒಂದು ಮೂಲೆ. ಮ್ಯಾಮತ್‌ನಿಂದ ಓಡಿಬಂದ ಪೆಕಿನ್ಪಾ ಗಣಿಯ ಊರನ್ನು ಕಟ್ಟಿಸಿದ್ದು ಅಲ್ಲಿ. ಹೆಂಡತಿಗೆ ಮಾಲಿಬು ಬೆಟ್ಟದ ವೆಂಕಟರಮಣನ ಗುಡಿಗೆ ಹೋಗಬೇಕು. ಎರಡೂ ಒಂದೇ ದಿನ ಆಗುತ್ತದೆ, ಯಾವುದು ಮೊದಲು ಎಂದು ವಾದ ಬಿತ್ತು. "ಸ್ಕಾಟ್ ಮಾಡಿದ್ ಹಾಗೇ ಮಾಡಿ" ಎಂದ ಅಳಿಯ. ಕ್ವಾರ್ಟರ್ ನಾಣ್ಯ ಚಿಮ್ಮಿದ. ಹೆಂಡತಿ ಗೆದ್ದಳು. ನಾಣ್ಯವನ್ನೂ ಅವಳೇ ಎತ್ತಿಟ್ಟುಕೊಂಡಳು.

ಗುಡಿ ಮುಗಿಸಿ, ಪುಳಿಯೋಗರೆ ಪ್ರಸಾದ ತಿಂದು, ಟ್ರಾಫಿಕ್ಕಿನಲ್ಲಿ ತೆವಳಿ ಬ್ರಾನ್ಸನ್‌ಗೆ ಬರುವಷ್ಟರಲ್ಲಿ ಸಂಜೆ ನಾಲ್ಕೂವರೆ. ಕಾರು ನಿಲ್ಲಿಸಿ ಹತ್ತು ನಿಮಿಷ ಏರು ನಡಿಗೆ. ಹಿಂದೆ ಇದು ಕಲ್ಲುಗಣಿ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಟ್ರಾಮ್ ದಾರಿಗೆ ಇಲ್ಲಿನ ಜಲ್ಲಿ ಹೋಗುತ್ತಿತ್ತು. ಗಣಿ ನಿಂತ ಮೇಲೆ ಸಿನಿಮಾ ಬಂತು. ಬೆಟ್ಟದ ಈ ಕಡೆಯಿಂದ ಆ ಕಡೆಗೆ ಒಂದು ಸುರಂಗ. 1966ರ ಟಿವಿ ಬ್ಯಾಟ್‌ಮ್ಯಾನ್‌ನ ಗುಹೆ ಇದೇ. ಬ್ಯಾಟ್‌ಮ್ಯಾನ್ ಟೀಷರ್ಟು ಹಾಕಿದ ಇಬ್ಬರು ಹುಡುಗರು ಒಳಗಿಂದ ಹೊರಗೆ ಓಡಿ ಬರುತ್ತಾ ವಿಡಿಯೊ ತೆಗೆದುಕೊಳ್ಳುತ್ತಿದ್ದರು.

ನಾನು ಗೋಡೆಯಂಥ ಬಂಡೆ ನೋಡಿದೆ. ಕೆಂಚು, ಒರಟು, ಲೋನ್ ಪೈನ್‌ನ ನುಣುಪು ಇಲ್ಲ. ಇಷ್ಟೇ ಇಷ್ಟು ಜಾಗ. ನಮ್ಮ ಬಡಾವಣೆಯ ಆಟದ ಮೈದಾನಕ್ಕಿಂತ ಚಿಕ್ಕದು. ಇಲ್ಲಿ ಡೇರೆ ಹಾಕಿ, ಮ್ಯಾಮತ್‌ನ ಬೆಟ್ಟದ ದೃಶ್ಯಗಳ ಜತೆ ಹೊಂದಬೇಕೆಂದು ನೆಲಕ್ಕೆಲ್ಲ ಸೋಪಿನ ನೊರೆ ಹರಡಿ ಹಿಮ ಮಾಡಿದರು. ಆ ಡೇರೆಗಳಿಗೆ ಬಟ್ಟೆ ಸಿಕ್ಕಿದ್ದು ಎಂಜಿಎಂನ ಇನ್ನೊಂದು ದೊಡ್ಡ ಚಿತ್ರದ ಹಡಗಿನ ಹಾಯಿಗಳಿಂದ ಎನ್ನುವ ಕತೆ ಇದೆ. ದುಡ್ಡು ಇಲ್ಲದವರ ಜಾಣತನ ಎಲ್ಲ ಕಡೆ ಒಂದೇ. ಸ್ಕಾಟ್‌ನ ಕೊನೆಯ ಚಿತ್ರದ ಹಿಮ ಇದು. 1932ರಲ್ಲಿ ಬೇರೆಯವನ ಮೀಸೆ ಅಂಟಿಸಿಕೊಂಡು ಕುದುರೆ ಹತ್ತಿದವನು ಇಲ್ಲಿ ಸೋಪಿನ ನೊರೆಯಲ್ಲಿ ಕುದುರೆ ನಡೆಸಿದ.

"ಹಿಮ ತೋರಿಸ್ತೀನಿ ಅಂದಿದ್ನಲ್ಲ, ಇದೇ ಜಾಗ" ಎಂದೆ.

ಹೆಂಡತಿ ಸುತ್ತ ನೋಡಿದಳು. ಕೆಂಪು ಧೂಳು, ಒಣಹುಲ್ಲು. "ಯಾವ ಸೋಪು?" ಎಂದಳು.

ಸುರಂಗದ ಬಾಯಿಗೆ ಬಂದರೆ ದೂರದಲ್ಲಿ ಹಾಲಿವುಡ್ ಅಕ್ಷರಗಳು ಕಾಣುತ್ತವೆ. ಬೆಳಕು ಹೋಗುತ್ತಿತ್ತು. ಮಗಳು ಫೋಟೊ ತೆಗೆಯುತ್ತೇನೆಂದು ನನ್ನನ್ನು ಬಂಡೆಯ ಮುಂದೆ ನಿಲ್ಲಿಸಿದಳು. "ಅಪ್ಪ, ಸುಮ್ನೆ ನಿಂತ್ಕೋ, ಏನೂ ಮಾಡ್ಬೇಡ" ಎಂದಳು. ಪ್ರಯತ್ನಪಟ್ಟೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಒಮ್ಮೆ ಸೊಂಟದ ಮೇಲಿಟ್ಟೆ, ಒಮ್ಮೆ ಹಿಂದೆ ಕಟ್ಟಿಕೊಂಡೆ, ಕೊನೆಗೆ ಜೇಬಿಗೆ ಹಾಕಿಕೊಂಡೆ. ನಾಲ್ಕು ಫೋಟೊ ತೆಗೆದಳು. ಒಂದೂ ಸರಿ ಬರಲಿಲ್ಲ.

"ಆ ನಾಣ್ಯ ಕೊಡು, ಕೈಯಲ್ಲಿ ಹಿಡ್ಕೊಂಡಾದ್ರೂ ನಿಂತ್ಕೋತೀನಿ" ಎಂದೆ ಹೆಂಡತಿಗೆ.

"ಎಲ್ಲಿದೆ? ಆಗ್ಲೇ ಹುಂಡಿಗೆ ಹಾಕ್ಬಿಟ್ಟೆ" ಎಂದಳು.